ಗುಬ್ಬಿಯಲ್ಲಿ ಬರೆಸಿದ ನನ್ನ ಕೆಮ್ಮು

ಆಗ ನನಗೆ ಅರವತ್ತೊಂಬತ್ತು. ಮೂರು ವರ್ಷದ ಹಿಂದಿನ ಮಾತು. ಕುಣಿಗಲ್ ತಾಲ್ಲೂಕಿನಲ್ಲಿ, ಅಮೃತೂರಿನ ಕಡೆ ನಮ್ಮ ಊರು. ಜಗಲಿಯ ಮೇಲೆ ಕೂತು ತೆಂಗಿನ ಗರಿ ಸೀಳಿ ಪೊರಕೆಗೆ ಕಡ್ಡಿ ತೆಗೆಯುತ್ತಿದ್ದೆ. ನಮ್ಮ ಬೀದಿಯವಳೇ ಆದ ಆಶಾ ಕಾರ್ಯಕರ್ತೆ ಗುಲಾಬಿ ಸೀರೆ ಉಟ್ಟು, ಕೈಯಲ್ಲಿ ಫೋನು ಹಿಡಿದು ಬಂದು ಎದುರು ನಿಂತಳು.

"ಅಜ್ಜಿ, ಮಾತ್ರೆ ಯಾಕೆ ನಿಲ್ಸ್‌ಬುಟ್ರಿ?"

"ಯಾವ ಮಾತ್ರೆಯೇ?"

"ಅದೇ ಅಜ್ಜಿ, ಗುಬ್ಬೀಲಿ ಕೊಟ್ಟಿದ್ರಲ್ಲ, ಕೆಮ್ಮಿಂದು."

"ನಂಗೆಲ್ಲೈತೆ ಕೆಮ್ಮು? ಇಷ್ಟೊತ್ತು ನಿಂತಿದೀಯ, ಒಂದ್ಸಲಾನಾದ್ರೂ ಕೆಮ್ಮಿದ್ನಾ?"

ಅವಳು ಬಗ್ಗಿ ದನಿ ತಗ್ಗಿಸಿದಳು. ಅವಳ ತಗ್ಗಿದ ದನಿ ಎದುರು ಮನೆಗೂ ಕೇಳುತ್ತದೆ. "ಟಿ.ಬಿ. ಕಣಜ್ಜಿ. ನಿಮ್ ಹೆಸ್ರು, ಊರು, ಫೋನ್ ನಂಬ್ರು ಎಲ್ಲಾ ಸರಿಯಾಗೈತೆ. ದೆಲ್ಲಿ ಕಂಪ್ಯೂಟರಲ್ಲೇ ಐತೆ. ಮಧ್ಯ ನಿಲ್ಸಿದ್ರೆ ಭಾರಿ ಡೇಂಜರ್ ಅಂತೆ. ನೀವು ತಿಂದ್ರೋ ಇಲ್ವೋ ಅಂತ ನಾನು ಮೇಲಕ್ಕೆ ಹೇಳ್ಬೇಕು."

"ಹೋಗಿ ಹೇಳು. ಅಜ್ಜಿ ಮುದ್ದೆ ತಿಂದ್ಲು ಅಂತ ಹೇಳು" ಎಂದು ಕಳಿಸಿದೆ.

ಅವಳು ಹೋದ ಮೇಲೆ ನಗು ಬರಲಿಲ್ಲ. ದೆಲ್ಲಿಯ ಆರೋಗ್ಯ ಸಚಿವಾಲಯ ಎನ್ನುವುದನ್ನು ನಾನು ಕಂಡಿಲ್ಲ, ಆದರೆ ಅದು ನಮ್ಮ ಮನೆ ಬಾಗಿಲಿಗೆ ಬಂದಾಗಲೆಲ್ಲ ನಾನು ಮನೆಯಲ್ಲೇ ಇದ್ದೇನೆ. ಚಿಕ್ಕವಳಿದ್ದಾಗ ಸಿಡುಬಿಗೆ ದಾಕು ಹಾಕುವವನು ಬರುತ್ತಿದ್ದ. ನಮ್ಮವ್ವ ನನ್ನನ್ನು ರಾಗಿ ವಾಡೆಯ ಹಿಂದೆ ಬಚ್ಚಿಟ್ಟಿದ್ದಳು. ಅವನು ಹುಡುಕಿ ಎಳೆದು ತೋಳಿನ ಮೇಲೆ ಸೂಜಿ ತಿರುಗಿಸಿದ. ಆ ಗುರುತು ಈಗಲೂ ಇದೆ. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಮಲೇರಿಯಾದವರು. ಅವರು ಪಂಪು ಹೊತ್ತು ಬಂದು ಅಡುಗೆಮನೆಯೂ ಸೇರಿ ಎಲ್ಲ ಗೋಡೆಗೂ ಬೆಳ್ಳಗೆ ಮದ್ದು ಹೊಡೆಯುತ್ತಿದ್ದರು, ಹೋಗುವಾಗ ಬಾಗಿಲ ಪಕ್ಕ ತಾರೀಕು ಬರೆದು ಹೋಗುತ್ತಿದ್ದರು. ಸೊಳ್ಳೆ ಸತ್ತು ತಿಗಣೆ ಹೆಚ್ಚಾದವು ಎಂದು ನಮ್ಮತ್ತೆ ಬೈಯುತ್ತಿದ್ದರು. ಆಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನದವರು. ಎಮರ್ಜೆನ್ಸಿಯ ವರ್ಷ, ಆಪರೇಷನ್‌ಗೆ ಹಿಡಿದು ಒಯ್ಯುವ ಜೀಪಿನ ಸದ್ದು ಕೇಳಿದರೆ ಊರಿನ ಗಂಡಸರೆಲ್ಲ ಮಾಯ. ನನ್ನ ಗಂಡ ತೆಂಗಿನ ಮರ ಹತ್ತಿ ಕೂತ. ಕೆಳಗೆ ನಿಂತವರು "ಕಾಯಿ ಕೀಳ್ತಿದೀಯೇನಪ್ಪಾ?" ಎಂದು ಕೇಳಿದರೆ "ಹೂಂ ಸ್ವಾಮಿ" ಎಂದು ಎಳನೀರನ್ನೂ ಕಿತ್ತು ಹಾಕಿದ. ಕುಡಿದು ಹೋದರು. ಅವತ್ತು ಇಳಿದಿದ್ದರೆ ನನ್ನ ಕೊನೆಯ ಮಗಳು ಹುಟ್ಟುತ್ತಿರಲಿಲ್ಲ.

ಸಿಡುಬು ಹೋಯಿತು, ನಿಜ. ಊರಲ್ಲಿ ಕಾಲು ಸೊಟ್ಟಗಾಗುವ ಮಕ್ಕಳು ಈಗ ಇಲ್ಲ, ಅದೂ ನಿಜ. ಆದರೆ ಅವರು ಒಳ್ಳೆಯದಕ್ಕೆ ಬಂದಾಗಲೂ ಕೆಟ್ಟದ್ದಕ್ಕೆ ಬಂದಾಗಲೂ ಒಂದೇ ಥರ ಬಂದರು. ಹೆಸರು ಬರೆದುಕೊಂಡೇ ಬಂದರು. ಯಾವುದಕ್ಕೆ ಬಂದಿದ್ದಾರೆ ಎನ್ನುವುದು ಹೋದ ಮೇಲೆ ಗೊತ್ತಾಗುತ್ತಿತ್ತು. ಆದ್ದರಿಂದ ಸರ್ಕಾರ ಮಾತ್ರೆಯನ್ನು ಸುಮ್ಮನೆ ಕೊಡುತ್ತೇನೆಂದರೆ ನನಗೆ ಅನುಮಾನ. ನಾನು ಕೇಳದ ಮಾತ್ರೆಯನ್ನು ಯಾಕೆ ತಿನ್ನಲಿಲ್ಲ ಎಂದು ಕೇಳಿದರೆ ಇನ್ನೂ ಅನುಮಾನ.

ಎರಡು ದಿನ ಕಳೆಯುವುದರಲ್ಲಿ ಊರಿಗೆಲ್ಲ ಗೊತ್ತಾಯಿತು. ನನ್ನ ಜೊತೆ ಎಲೆ ಅಡಿಕೆ ಹಾಕಲು ಬರುತ್ತಿದ್ದವರು ಜಗಲಿಯ ಕೆಳಗೇ ನಿಂತು ಮಾತಾಡಿದರು. ಮನೆಯಲ್ಲಿ ಸೊಸೆ ನನ್ನ ಚೊಂಬನ್ನು ಬೇರೆ ಗೂಡಿನಲ್ಲಿ ಇಟ್ಟಳು.

"ಅದ್ಯಾಕಮ್ಮ ನನ್ ಚೊಂಬು ಅಲ್ಲಿಗೆ ಹೋಯ್ತು?"

"ಅಲ್ಲಿ ನಿಮ್ಗೆ ಕೈಗೆಟಕ್ತದೆ ಅಂತ, ಅತ್ತೆ."

"ನಲವತ್ತು ವರ್ಷ ಇಲ್ಲಿ ಎಟಕ್ತಿತ್ತು."

ಮೊಮ್ಮಗ ನನ್ನ ಪಕ್ಕ ಮಲಗುವುದು ನಿಂತಿತು. ಸೊಸೆಯ ಮೇಲೆ ನನಗೆ ಕೋಪವಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಚೊಂಬನ್ನು ಹಿತ್ತಲಿಗೆ ಎಸೆಯುತ್ತಿದ್ದೆ. ಮಗ ಮಾತ್ರ, "ಒಂದ್ಸಲ ಟೆಸ್ಟ್ ಮಾಡಿಸ್ಬುಡವ್ವ, ಮುಗೀತದೆ" ಎಂದ. ಇಲ್ಲದ ರೋಗಕ್ಕೆ ಉಗುಳಿ ಕೊಡುವುದೇ? ಕೊಟ್ಟ ಉಗುಳು ಎಲ್ಲಿಗೆ ಹೋಗುತ್ತದೆ, ಯಾರ ಹೆಸರು ಅಂಟಿಸುತ್ತಾರೆ? ಒಂದು ಸಲ ನನ್ನ ಹೆಸರು ಎಲ್ಲೋ ಅಂಟಿದ್ದಕ್ಕೇ ಇಷ್ಟಾಗಿತ್ತು. ಕೊಡುವುದಿಲ್ಲ ಎಂದೆ.

ಊರಿನ ಆರೋಗ್ಯ ಉಪಕೇಂದ್ರಕ್ಕೆ ಹೋದೆ. ಅದರ ಗೋಡೆಯ ಬಣ್ಣ, ಬೋರ್ಡಿನ ಹೆಸರು ನನಗೆ ತಿಳಿದ ಹಾಗೆ ಮೂರು ಸಲ ಬದಲಾಗಿದೆ, ಒಳಗಿನ ಕಬ್ಬಿಣದ ಮಂಚ ಬದಲಾಗಿಲ್ಲ. ಅಲ್ಲಿಯ ಸಿಸ್ಟರ್ ಕೆಟ್ಟವಳಲ್ಲ. ಚೇರು ಎಳೆದು ಕೂರಿಸಿದಳು, ಆದರೆ ಕಿಟಕಿಯ ಪಕ್ಕಕ್ಕೆ ಎಳೆದಳು.

"ನನ್ ಹೆಸ್ರು ಅಳಿಸು" ಎಂದೆ.

"ನಂಗೆ ಅಳಿಸೋಕೆ ಬರಲ್ಲ ಅಜ್ಜಿ. ಇದು ಗುಬ್ಬಿ ಕಡೆ ಎಂಟ್ರಿ ಆಗಿರೋದು. ವಿಳಾಸ ನಮ್ಮೂರಂತ ಇರೋದ್ರಿಂದ ಇಲ್ಲಿಗೆ ಬಂದಿದೆ."

"ಹಂಗಾದ್ರೆ ನಿನ್ ಮೇಲಿನೋರ್ಗೆ ಹೇಳು."

"ನಮ್ ಡಾಕ್ಟ್ರು ಮಾಡೋಕಾಗಲ್ಲ. ಟಿ.ಬಿ.ಗೆ ಬೇರೆ ಸೂಪರ್‌ವೈಸರ್ ಇದಾರೆ. ಅವ್ರ ಮೇಲೆ ಜಿಲ್ಲೆಗೆ ಬೇರೆ ಆಫೀಸರ್."

ಆವತ್ತು ಅವಳು ಬಿಡಿಸಿ ಹೇಳಿದ್ದು ನನಗೆ ಅರ್ಥವಾದದ್ದು ಹೀಗೆ. ಇದು ಪಾಲಾದ ಅಣ್ಣತಮ್ಮಂದಿರ ಮನೆಯ ಹಾಗೆ, ಸೂರು ಒಂದೇ, ಒಲೆ ಬೇರೆ. ಬಸಿರು ಬಾಣಂತನಕ್ಕೆ ಒಂದು ಒಲೆ, ಮಲೇರಿಯಾಕ್ಕೆ ಒಂದು ಒಲೆ, ಕ್ಷಯಕ್ಕೆ ಇನ್ನೊಂದು. ಒಂದು ಒಲೆಯಲ್ಲಿ ಏನು ಬೇಯುತ್ತಿದೆ ಎಂದು ಪಕ್ಕದ ಒಲೆಯವರಿಗೆ ಗೊತ್ತಿರಬೇಕಾಗಿಲ್ಲ. ಪ್ರತಿ ಒಲೆಯ ಹೊಗೆಯೂ ಬೇರೆ ಬೇರೆ ಗೂಡಿನಿಂದ ಮೇಲೆ ಹೋಗಿ ದೆಲ್ಲಿಯಲ್ಲಿ ಒಂದಾಗುತ್ತದೆ. ಮೊದಲು ದೆಲ್ಲಿಯ ಆ ಇಲಾಖೆಯ ಹೆಸರಿನಲ್ಲಿ ಕುಟುಂಬ ಯೋಜನೆ ಅಂತ ಇತ್ತಂತೆ. ಜೀಪಿನ ಕಾಲ ಮುಗಿದ ಮೇಲೆ ಕುಟುಂಬ ಕಲ್ಯಾಣ ಅಂತ ಮಾಡಿದರಂತೆ. ಸಿಸ್ಟರ್ ಅದನ್ನು ಪರೀಕ್ಷೆಗೆ ಓದಿದ್ದಳು, ನಗುತ್ತಾ ಹೇಳಿದಳು. ನನಗೆ ನಗು ಬರಲಿಲ್ಲ. ಕಹಿಯಾದ ಸಾರನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿದರೆ ಉಣ್ಣುವವರಿಗೆ ತಿಳಿಯುವುದಿಲ್ಲವೇ?

"ಆಸ್ಪತ್ರೆ ಯಾರ್ದು, ದೆಲ್ಲೀದಾ ಬೆಂಗ್ಳೂರಿಂದಾ?" ಎಂದು ಕೇಳಿದೆ.

"ಆಸ್ಪತ್ರೆ ನಮ್ ರಾಜ್ಯದ್ದು. ಟಿ.ಬಿ. ಕಾರ್ಯಕ್ರಮ ಮಾತ್ರ ದೆಲ್ಲಿ ಹಾಕ್ಕೊಟ್ಟಂಗೆ ನಡೀತದೆ."

ಹೊಲ ಒಬ್ಬರದು, ಬಿತ್ತನೆ ಬೀಜ ಇನ್ನೊಬ್ಬರದು. ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಮಾಡುವ ಹೊಲಗಳನ್ನು ಕಂಡಿದ್ದೇನೆ. ಬೆಳೆ ಬಂದರೆ ಇಬ್ಬರೂ ಕಣದಲ್ಲಿ ನಿಲ್ಲುತ್ತಾರೆ, ಹುಳ ಬಿದ್ದರೆ ಯಾರೂ ಇರುವುದಿಲ್ಲ.

ಕುಣಿಗಲ್‌ಗೆ ಹೋದೆ. ಅಲ್ಲಿಯ ಮನುಷ್ಯ ತಾಳ್ಮೆಯಿಂದಲೇ ಕೇಳಿ, ಎಂಟ್ರಿ ಮಾಡಿದವರೇ ತಿದ್ದಬೇಕು ಎಂದ. ನಾನು ನಂಬಲಿಲ್ಲ. ತಾಲ್ಲೂಕಿನವರು ಕೈ ತೊಳೆದುಕೊಳ್ಳಲು ಹಾಗನ್ನುತ್ತಾರೆ ಎಂದುಕೊಂಡು ತುಮಕೂರಿಗೆ ಹೋದೆ. ಅಲ್ಲಿ ಮೇಜಿನ ಹಿಂದೆ ಕೂತಿದ್ದ ಹೆಂಗಸೂ ಅದನ್ನೇ ಹೇಳಿದಳು. ಒಂದು ಮಾತು ಮಾತ್ರ ಹೆಚ್ಚಿಗೆ ಹೇಳಿದಳು.

"ಅಮ್ಮ, ನಿಮ್ದಲ್ಲ ಅಂತಾನೇ ಇಟ್ಕೊಳ್ಳೋಣ. ಆದ್ರೆ ಯಾರೋ ಒಬ್ರು ಕಫ ಕೊಟ್ಟವ್ರೆ. ಅದ್ರಲ್ಲಿ ಟಿ.ಬಿ. ಐತೆ. ಅವ್ರು ಮಾತ್ರೆ ನಿಲ್ಸವ್ರೆ. ನೀವು ನಿಮ್ ಹೆಸ್ರು ಹುಡುಕ್ತಿದೀರಿ. ನಾವು ಆ ಮನುಷ್ಯರನ್ನ ಹುಡುಕ್ತಿದೀವಿ."

ಅಷ್ಟು ದಿನ ಸರ್ಕಾರ ನನಗೆ ಏನು ಮಾಡಿದೆ ಎಂದಷ್ಟೇ ನೋಡುತ್ತಿದ್ದೆ. ಕೆಮ್ಮುವ ಮನುಷ್ಯ ಒಬ್ಬ ಇದ್ದಾನೆ ಎನ್ನುವುದು ಹೊಳೆದಿರಲಿಲ್ಲ. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಕೂತು ಯೋಚಿಸಿದೆ. ನನ್ನ ಪೂರ್ತಿ ಹೆಸರು, ಊರು, ಫೋನ್ ನಂಬರು ಬಾಯಲ್ಲಿ ಹೇಳಬಲ್ಲವರು ಗುಬ್ಬಿ ಕಡೆ ಎಷ್ಟು ಜನ? ನನ್ನ ಕೊನೆಯ ಮಗಳನ್ನು ಕೊಟ್ಟಿರುವುದು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಗೆ. ನನ್ನ ನಂಬರನ್ನು ಅವರ ಮನೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆದಿದ್ದಾರೆ.

ಮಗಳೇ ಇರಬಹುದೇ? ಕಂಪ್ಯೂಟರಿನಲ್ಲಿ ಮುದುಕಿಯ ವಯಸ್ಸಿದೆ. ಆದರೆ ಹೆಸರೇ ಸುಳ್ಳು ಹೇಳಿದವಳು ವಯಸ್ಸನ್ನು ನಿಜ ಹೇಳುತ್ತಾಳೆಯೇ? ಮದುವೆಯಾಗಿ ಬಹಳ ವರ್ಷದ ಮೇಲೆ ಅವಳಿಗೆ ಮಗುವಾಗಿತ್ತು. ಹೆಣ್ಣು ಮಗು, ಇನ್ನೂ ಎದೆಹಾಲು ಕುಡಿಯುತ್ತಿತ್ತು. ಕುಣಿಗಲ್ ಬಸ್ಸು ಬಂದು ನಿಂತಿತು. ನಾನು ಗುಬ್ಬಿ ಬಸ್ಸು ಹತ್ತಿದೆ.

ಗುಬ್ಬಿಯಲ್ಲಿ ಕ್ಷಯದ ಮಾತ್ರೆ ಕೊಡುವ ಕೋಣೆಗೆ ಹೋಗಿ ನನ್ನ ಆಧಾರ್ ಕಾರ್ಡನ್ನು ಮೇಜಿನ ಮೇಲೆ ಇಟ್ಟೆ. ಅಲ್ಲಿದ್ದ ಕನ್ನಡಕದ ಮನುಷ್ಯ ಕಾರ್ಡು ನೋಡಿದ, ನನ್ನ ಮುಖ ನೋಡಿದ.

"ಇವ್ರು ನೀವಲ್ಲ" ಎಂದ.

"ನಾನೇ ಕಣಪ್ಪ. ಅವ್ರು ನಾನಲ್ಲ."

ಅವನು ಕನ್ನಡಕ ತೆಗೆದು ಒರೆಸಿಕೊಂಡ. "ಕಾರ್ಡ್ ಕೇಳ್ದೆ ಅಮ್ಮ. ಮನೇಲೈತೆ, ಆಮೇಲೆ ತತ್ತೀನಿ ಅಂದ್ರು. ಕಾರ್ಡಿಲ್ಲ ಅಂತ ಮಾತ್ರೆ ಕೊಡ್ದೆ ಕಳ್ಸೋಂಗಿಲ್ಲ ನಾವು."

"ಚಿಕ್ಕೋಳಾ? ಕೂಸು ಎತ್ಕೊಂಡಿದ್ಲಾ?"

ಅವನಿಗೆ ಹೇಳಬೇಕೋ ಬೇಡವೋ ಎಂದು ಅನುಮಾನ. ರೋಗಿಯ ವಿಷಯ ಹೊರಗಿನವರಿಗೆ ಹೇಳಬಾರದಂತೆ. ನನ್ನ ಹೆಸರಿನ ರೋಗಿಗೆ ನಾನೇ ಹೊರಗಿನವಳು. "ಚಿಕ್ಕೋರಲ್ಲ, ನಿಮ್ ವಯಸ್ಸಿನೋರೇ. ಇನ್ನೇನೂ ಕೇಳ್ಬೇಡಿ" ಎಂದ. ಆಮೇಲೆ ತನಗೆ ತಾನೇ ಹೇಳಿಕೊಳ್ಳುವ ಹಾಗೆ, "ಒಳ್ಳೆ ಅಮ್ಮ. ಅಷ್ಟು ಸುಸ್ತಿದ್ರೂ ಬಂದೋರು ಮೊದ್ಲು ಕೇಳಿದ್ದು, ಪ್ರಸಾದ ಆಯ್ತಾ ಸಾರ್ ಅಂತ."

ನನಗೆ ಅಷ್ಟೇ ಸಾಕಾಗಿತ್ತು.

ಊಟ ಆಯಿತಾ ಎಂದು ನಾವೆಲ್ಲ ಕೇಳುತ್ತೇವೆ. ಕಂಡಕಂಡವರನ್ನೆಲ್ಲ ಪ್ರಸಾದ ಆಯಿತಾ ಎಂದು ಕೇಳುವವಳು ನನಗೆ ಗೊತ್ತಿರುವಂತೆ ಒಬ್ಬಳೇ, ನನ್ನ ಬೀಗಿತ್ತಿ, ಮಗಳ ಅತ್ತೆ. ಅವಳ ಊರ ಹತ್ತಿರ ಒಂದು ಸಣ್ಣ ಮಠವಿದೆ. ಗಂಡ ಸತ್ತ ಮೇಲೆ ಅವಳು ಅಲ್ಲಿಯ ದಾಸೋಹದ ಅಡುಗೆಮನೆಯಲ್ಲೇ ಜೀವ ಸವೆಸಿದವಳು. ಬಂದವರಿಗೆ ಅನ್ನ ಬಡಿಸುವುದೇ ಅವಳ ಪೂಜೆ. ಬೀಗರ ಮನೆಗೆ ಹೋದರೂ ಮಠದ ಸಾರಿನ ಹದದ ಮಾತೇ. ನಾನು ಅವಳನ್ನು ಬಹಳ ಇಷ್ಟಪಟ್ಟವಳಲ್ಲ. ಅವಳೂ ನನ್ನನ್ನು ಇಷ್ಟಪಟ್ಟಿಲ್ಲ. ಹೆಣ್ಣು ಕೊಟ್ಟವರಿಗೂ ತಂದವರಿಗೂ ಎಷ್ಟು ಮರ್ಯಾದೆ ಬೇಕೋ ಅಷ್ಟಿತ್ತು.

ಅವಳಿಗೆ ಕೆಮ್ಮು ಎಂದು ಮಗಳು ಫೋನಿನಲ್ಲಿ ಹೇಳಿದ್ದಳು. "ಅತ್ತೆಗೆ ದಾಸೋಹದ ಹೊಗೆ ಹಿಡ್ಕಂಡೈತೆ ಕಣವ್ವ" ಎಂದಿದ್ದಳು. ಸೌದೆ ಒಲೆಯ ಮುಂದೆ ಅಷ್ಟು ವರ್ಷ ನಿಂತವಳಿಗೆ ಹೊಗೆ ಎಂದರೆ ಯಾರು ಬೇಡ ಎನ್ನುತ್ತಾರೆ?

ಮಗಳ ಮನೆ ತಲುಪಿದಾಗ ಸಂಜೆ. ಮಗಳು ದನಕ್ಕೆ ಹುಲ್ಲು ಹಾಕುತ್ತಿದ್ದಳು, ಅಳಿಯ ಕೆಲಸದ ಮೇಲೆ ಬೇರೆ ಊರಿಗೆ ಹೋದವನು ಎರಡು ದಿನ ಬರುವಂತಿರಲಿಲ್ಲ. ಬೀಗಿತ್ತಿ ನಡುಮನೆಯಲ್ಲಿ ಕೂತು ತೊಟ್ಟಿಲು ತೂಗುತ್ತಿದ್ದಳು. ಸೆರಗನ್ನು ಬಾಯಿಗೆ ಒತ್ತಿ ಕೆಮ್ಮಿ, ಅದೇ ಕೈಯಲ್ಲಿ ಮಗುವಿನ ಕೆನ್ನೆ ಸವರಿದಳು. ಕುತ್ತಿಗೆಯ ಮೂಳೆ ಎದ್ದು ಕಾಣುತ್ತಿತ್ತು, ರವಿಕೆ ಬೇರೆಯವರದ್ದು ತೊಟ್ಟಂತೆ ಜೋಲುತ್ತಿತ್ತು.

"ಬನ್ನಿ ಬೀಗ್ರೆ. ಹೇಳ್ದೆ ಕೇಳ್ದೆ ಬಂದ್ರಿ? ಪ್ರಸಾದ ಆಯ್ತಾ?"

"ಆಯ್ತು ಬೀಗ್ರೆ. ಗುಬ್ಬೀಲೇ ಆಯ್ತು. ನಿಮ್ಮನ್ನ ಕೇಳ್ತಿದ್ರು ಅಲ್ಲಿ."

ತೊಟ್ಟಿಲು ನಿಂತಿತು. ನಾನು ಬಗ್ಗಿ ಮಗುವನ್ನು ಎತ್ತಿಕೊಂಡೆ, ಹಿತ್ತಲಿಗೆ ಹೋಗಿ ಮಗಳ ಕೈಗೆ ಕೊಟ್ಟೆ. "ಕೂಸ್ನ ಒಳೀಕ್ ತಗಂಡ್ ಹೋಗ್ಬೇಡ, ಇಲ್ಲೇ ಇರು" ಎಂದೆ. ಯಾಕೆ ಎಂದಳು. ಆಮೇಲೆ ಹೇಳುತ್ತೇನೆ ಎಂದು ಒಳಗೆ ಬಂದು ಬೀಗಿತ್ತಿಯ ಎದುರು ಕೂತೆ. ಬೀಗಿತ್ತಿ ನೆಲ ನೋಡುತ್ತಿದ್ದಳು.

"ನನ್ ಹೆಸ್ರೇ ಬೇಕಾಗಿತ್ತಾ ನಿಮ್ಗೆ?"

"ಇನ್ಯಾರ್ದು ಹೇಳ್ಲಿ ಬೀಗ್ರೆ. ಈ ಕಡೆಯೋರ ಹೆಸ್ರು ಹೇಳಿದ್ರೆ ಸಂಜೆಗೆ ಮಠಕ್ಕೆ ಮುಟ್ತಿತ್ತು. ನಿಮ್ದು ಕುಣಿಗಲ್ ತಾಲ್ಲೂಕು. ತಾಲ್ಲೂಕು ಬೇರೆ ಆದ್ಮೇಲೆ ಆಫೀಸೂ ಬೇರೆ ಅಲ್ವಾ? ಇಲ್ಲಿ ಬರ್ಕಂಡಿದ್ದು ಅಲ್ಲಿಗ್ಯಾಕೆ ಬತ್ತದೆ ಅಂದ್ಕಂಡೆ."

ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ಜಮೀನಿನ ಒಂದು ಕಾಗದ ಗುಬ್ಬಿಯಿಂದ ಕುಣಿಗಲ್‌ಗೆ ಬರಬೇಕಾದರೆ ಓಡಾಡಿದವರ ಚಪ್ಪಲಿ ಸವೆಯುತ್ತದೆ. ಸರ್ಕಾರವೆಂದರೆ ತಾಲ್ಲೂಕು ಕಚೇರಿ ಎಂದು ತಿಳಿದವರು ನಾವು. ಈ ಕ್ಷಯದ ಒಲೆಯ ಹೊಗೆ ಗುಬ್ಬಿಯಿಂದ ನೆಟ್ಟಗೆ ದೆಲ್ಲಿಗೆ ಹೋಗಿ, ಅಲ್ಲಿಂದ ನಮ್ಮ ಬೀದಿಗೆ ಇಳಿಯುತ್ತದೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?

"ಬರ್ಸಿದ್ದು ಬರ್ಸಿದ್ರಿ. ಮಾತ್ರೆ ಯಾಕೆ ನಿಲ್ಸಿದ್ರಿ?"

ಅವಳು ಬಾಗಿಲ ಕಡೆ ನೋಡಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಲು ಬಂದಳು. ನಾನು ಹಿಂದಕ್ಕೆ ಸರಿದು, ಅಲ್ಲಿಂದಲೇ ಹೇಳಿ ಎಂದೆ.

"ಹೊರಗಾಗ್ಬುಟ್ಟೆ ಬೀಗ್ರೆ."

"ಏನು?"

"ಮುಟ್ಟು. ನಿಂತು ಎಷ್ಟೋ ಕಾಲ ಆಗಿತ್ತು. ಮಾತ್ರೆ ನುಂಗಿದ ಮಾರ್ನೆ ದಿನ ಬಚ್ಚಲಲ್ಲಿ ನೋಡ್ತೀನಿ, ಕೆಂಪಗೆ. ದಿನಾ ಕೆಂಪಗೆ. ಅದ್ರಲ್ಲಿ ದಾಸೋಹದ ಒಲೆ ಹತ್ರ ಹೆಂಗೆ ಹೋಗ್ಲಿ? ಸೊಂಟ ನೋವು ಅಂತ ಹೇಳಿ ಮನೇಲಿದ್ದೆ. ಒಂದಿನ ಮಾತ್ರೆ ಬುಟ್ಟು ನೋಡ್ದೆ, ತಿಳಿಯಾಯ್ತು. ಇನ್ನೊಂದಿನ ಬುಟ್ಟೆ. ಪೂರ್ತಿ ನಿಂತೋಯ್ತು. ತಲೆಗೆ ನೀರು ಹಾಕ್ಕಂಡು ಮಠಕ್ಕೆ ಹೋದೆ."

ಆ ಮಾತ್ರೆ ನುಂಗಿದರೆ ಉಚ್ಚೆ ಕೆಂಪಗೆ ಹೋಗುತ್ತದಂತೆ. ಅದು ಮಾತ್ರೆಯ ಬಣ್ಣ, ರಕ್ತವಲ್ಲ. ಇದನ್ನು ನಮ್ಮ ಊರಿನ ಸಿಸ್ಟರ್ ನನಗೆ ಮೊದಲೇ ಹೇಳಿದ್ದಳು, "ಕೆಂಪಗೆ ಹೋಗುತ್ತೆ ಅಂತ ಹೆದರಿ ನಿಲ್ಸಿದ್ರಾ ಅಜ್ಜಿ?" ಎಂದು ಕೇಳಿದ್ದಳು. ಗುಬ್ಬಿಯಲ್ಲೂ ಹೇಳಿಯೇ ಇರುತ್ತಾರೆ. ಮುಖ ಮುಚ್ಚಿಕೊಂಡು, ಗುರುತಿನವರು ಯಾರಾದರೂ ಬಂದರೇನೋ ಎಂದು ಬಾಗಿಲು ನೋಡುತ್ತಾ ಕೂತವಳ ಕಿವಿಗೆ ಅದು ಬಿದ್ದಿಲ್ಲ. ಆಮೇಲೆ ಕೇಳೋಣವೆಂದರೆ, ಅಲ್ಲಿ ಅವಳು ಅವಳಲ್ಲ, ನಾನು.

ನನಗೆ ಅಯ್ಯೋ ಅನ್ನಿಸಬೇಕಾಗಿತ್ತು. ಅನ್ನಿಸಲಿಲ್ಲ. ಸಿಟ್ಟು ಬಂತು.

"ಕೆಂಪಗೆ ಹೋದ್ರೆ ಮೈಲಿಗೆ. ಬಂದೋರ ಮುಖಕ್ಕೆಲ್ಲಾ ಕೆಮ್ಕೊಂಡು ಬಡಿಸಿದ್ರೆ ಮಡಿಯಾ ಬೀಗ್ರೆ?"

"ನಾನು ಸೆರಗು ಅಡ್ಡ ಹಿಡ್ದೇ ಕೆಮ್ಮೋದು."

"ಆ ಸೆರಗಲ್ಲೇ ಕೂಸಿನ ಜೊಲ್ಲು ಒರೆಸ್ತೀರಿ."

ಅವಳು ಅಳಲಿಲ್ಲ. ಅವಳೂ ನನ್ನ ಹಾಗೇ ಗಟ್ಟಿ. ವ್ಯಾಪಾರಕ್ಕೆ ಇಳಿದಳು.

"ಒಂದ್ ಮಾತು ಕೇಳಿ. ರಕ್ತ ಅಲ್ಲ ಅಂತ ನೀವಂತೀರಿ, ನಂಬ್ತೀನಿ. ಮಾತ್ರೆ ನುಂಗ್ತೀನಿ, ನಿಮ್ಮಾಣೆ. ಹೆಸ್ರು ಮಾತ್ರ ಹಂಗೇ ಇರ್ಲಿ. ನಿಮ್ಮೂರಲ್ಲಿ ಕೊಟ್ಟ ಮಾತ್ರೆ ನೀವು ಇಸ್ಕಂಡು ಕಳ್ಸಿ. ನಿಮ್ಗೇನೂ ಆಗಲ್ಲ, ನಿಮ್ಗೆ ರೋಗಾನೇ ಇಲ್ವಲ್ಲ. ನನ್ ಹೆಸ್ರು ಬಂದ್ರೆ ಮಠದಲ್ಲಿ ಒಲೆ ಹತ್ರ ಸೇರ್ಸಲ್ಲ. ಅದಿಲ್ದಿದ್ರೆ ನಾನಿದ್ದೇನು ಬುಡಿ."

ನಿಜ ಹೇಳಬೇಕೆಂದರೆ, ಒಂದು ಗಳಿಗೆ ಅದು ಸರಿ ಎಂದೇ ಅನ್ನಿಸಿತು. ನನ್ನ ಮರ್ಯಾದೆ ಹೇಗೂ ಹೋಗಿತ್ತು, ಚೊಂಬು ಹೇಗೂ ಬೇರೆಯಾಗಿತ್ತು. ಬೀಗಿತ್ತಿಯ ಗುಟ್ಟು ನನ್ನ ಕೈಯಲ್ಲಿದ್ದರೆ ಮಗಳಿಗೂ ಆ ಮನೆಯಲ್ಲಿ ಒಂದು ಬಲ. ಹೌದು, ಹಾಗೂ ಯೋಚಿಸಿದೆ. ಆದರೆ ಸಿಸ್ಟರ್ ಇನ್ನೊಂದು ಮಾತು ಹೇಳಿದ್ದಳು. ರೋಗಿ ಯಾರ ಮನೆಯಲ್ಲಿರುತ್ತಾರೋ ಆ ಮನೆಯವರನ್ನೆಲ್ಲ ಪರೀಕ್ಷೆ ಮಾಡುತ್ತಾರೆ, ಚಿಕ್ಕ ಮಕ್ಕಳಿದ್ದರೆ ರೋಗ ಹತ್ತದ ಹಾಗೆ ಅವಕ್ಕೂ ಔಷಧಿ ಕೊಡುತ್ತಾರೆ ಎಂದು. ನನ್ನ ಮೊಮ್ಮಗನನ್ನು ನಾಳೆ ಕರೆತನ್ನಿ ಎಂದು ಕೇಳಿಯೂ ಇದ್ದಳು. ಹೆಸರು ನನ್ನದಾಗಿದ್ದರೆ ಅವರು ನೋಡುವುದು ನನ್ನ ಮನೆಯನ್ನು. ಕೆಮ್ಮು ಇರುವುದು ಇಲ್ಲಿ, ತೊಟ್ಟಿಲ ಪಕ್ಕದಲ್ಲಿ. ಇಲ್ಲಿಗೆ ಯಾರೂ ಬರುವುದಿಲ್ಲ. ದೆಲ್ಲಿಯ ಲೆಕ್ಕದಲ್ಲಿ ಈ ಮಗು ರೋಗವಿರುವ ಮನೆಯಲ್ಲೇ ಇಲ್ಲ.

ಸರ್ಕಾರ ನನ್ನ ಮನೆಗೆ ಬರಬಾರದು ಎಂದು ವರ್ಷಗಟ್ಟಲೆ ಬಾಗಿಲು ಹಾಕಿಕೊಂಡವಳು ನಾನು. ಈ ಮನೆಗೆ ಬರಲೇಬೇಕಾಗಿತ್ತು.

"ಆಗಲ್ಲ ಬೀಗ್ರೆ" ಎಂದೆ.

"ನೀವು ನಂಗೆ ಹಗೆ."

"ಇರ್ಬೋದು. ನಾಳೆ ಬೆಳಿಗ್ಗೆ ನಿಮ್ ಬಾಯಲ್ಲೇ ಹೇಳಿದ್ರೆ ಸರಿ. ಹೇಳ್ದಿದ್ರೆ ನಾನು ಹೇಳ್ತೀನಿ. ಮೊದ್ಲು ಗುಬ್ಬೀಲಿ, ಆಮೇಲೆ ಮಠದಲ್ಲಿ."

"ಮಠಕ್ಕೂ ಹೋಗ್ತೀರಾ?"

"ನೀವು ಮಾತ್ರೆ ನುಂಗ್ತಾ ಇದ್ರೆ ಹೋಗಲ್ಲ. ಡಾಕ್ಟ್ರು ಹೋಗ್ಬೋದು ಅನ್ನೋವರ್ಗೂ ನೀವೂ ಹೋಗ್ಬಾರ್ದು. ಸೊಂಟ ನೋವು ಅನ್ನಿ. ಅದು ಹೆಂಗೂ ಹೇಳಿ ಅಭ್ಯಾಸ ಐತಲ್ಲ."

ಅವಳು ನನ್ನನ್ನು ನೋಡಿದ ನೋಟದಲ್ಲಿ ಆಗಲೇ ಮಾತ್ರೆ ನುಂಗಿದಷ್ಟು ಕಹಿ ಇತ್ತು.

ಮಗಳಿಗೆ ಹೇಳಿದೆ. ಅವಳು ಮೊದಲು ಮಗುವನ್ನು ಬಿಗಿಯಾಗಿ ಹಿಡಿದುಕೊಂಡಳು, ಆಮೇಲೆ ನನ್ನ ಮೇಲೇ ರೇಗಿದಳು. "ನಮ್ಮತ್ತೆ ಮೇಲೆ ಏನೇನೋ ಹೇಳ್ಬೇಡ ಕಣವ್ವ. ನಿಂಗೆ ಎಲ್ರ ಮೇಲೂ ಅನುಮಾನ." ಅತ್ತೆಯನ್ನೇ ಕೇಳು ಎಂದೆ. ಕೇಳಲು ಹೋಗಲಿಲ್ಲ. ಆದರೆ ಆ ಸಂಜೆ ತೊಟ್ಟಿಲನ್ನು ಬಿಚ್ಚಿ ತಂದು ತನ್ನ ಕೋಣೆಯಲ್ಲಿ ಕಟ್ಟಿದಳು. ನಾನು ಬಾಗಿಲ ಬಳಿ ಚಾಪೆ ಹಾಕಿಕೊಂಡೆ, ಬೀಗಿತ್ತಿ ಕತ್ತಲಲ್ಲಿ ಎದ್ದು ಎಲ್ಲಿಗಾದರೂ ಹೊರಟರೆ ತುಳಿದೇ ಹೋಗಬೇಕು ಎಂದು.

ಅವಳು ಎಲ್ಲಿಗೂ ಹೋಗಲಿಲ್ಲ. ಬೆಳಿಗ್ಗೆ ನಾನು ಕಣ್ಣು ಬಿಡುವಾಗ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಮಠಕ್ಕೆ ಹೊರಡುವವಳ ಹಾಗೆ ತಯಾರಾಗಿ ಕೂತಿದ್ದಳು. ಎಲ್ಲಿಗೆ ಎಂದು ಕೇಳಿದೆ. "ನೀವು ಕರ್ಕಂಡು ಹೋಗೋ ಕಡೆಗೆ" ಎಂದಳು. ನಂಬಲಿಲ್ಲ. ಬಸ್ಸಿನಲ್ಲಿ ಅವಳನ್ನು ಕಿಟಕಿಯ ಪಕ್ಕ ಕೂರಿಸಿ, ಗಾಜು ಸರಿಸಿ, ಬಾಗಿಲ ಕಡೆ ನಾನು ಕೂತೆ. ಮಗಳು ಮಗುವನ್ನೆತ್ತಿಕೊಂಡು ಹಿಂದಿನ ಸೀಟಿನಲ್ಲಿ ಬಂದಳು.

ಕನ್ನಡಕದ ಮನುಷ್ಯ ನಮ್ಮಿಬ್ಬರನ್ನೂ ಒಟ್ಟಿಗೆ ನೋಡಿ ಎದ್ದು ನಿಂತ. ನಾನು ಸುಮ್ಮನಿದ್ದೆ, ಅವಳೇ ಹೇಳಲಿ ಎಂದು. ಅವಳು ಸೆರಗು ಸರಿಮಾಡಿಕೊಂಡಳು, ಗೋಡೆ ನೋಡಿದಳು, ಕೆಮ್ಮಿದಳು.

"ಹೆಸ್ರು ನಂದು, ಕಾಯಿಲೆ ಇವ್ರದು" ಎಂದೆ ನಾನು. "ಎರಡ್ರಲ್ಲಿ ಒಂದ್ ಬದಲಾಯ್ಸಿ."

ಆಗ ಅವಳು ತನ್ನ ಹೆಸರು ಹೇಳಿದಳು. ಅವನು ಕೇಳಿದ ಹಾಗೆ ಗಂಡನ ಹೆಸರು, ಊರು, ಎಲ್ಲ ಹೇಳಿದಳು. ಮನೆಯಲ್ಲಿ ಯಾರ್ಯಾರು ಎಂದಾಗ, ಮಗ, ಸೊಸೆ ಎಂದು ನಿಲ್ಲಿಸಿ, ಹಿಂದೆ ತಿರುಗಿ ನೋಡಿ, "ಒಂದು ಹೆಣ್ಕೂಸು" ಎಂದಳು. ನನ್ನ ಹೆಸರನ್ನು ತೆಗೆದಿದ್ದೇನೆ ಎಂದು ಅವನು ಫೋನನ್ನು ತಿರುಗಿಸಿ ತೋರಿಸಿದ. ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ ಎಂದು ಅವನಿಗೂ ಗೊತ್ತು. ಮಗಳಿಗೆ ಓದಿಸಿದೆ. ಆಮೇಲೆ, ಯಾವುದಕ್ಕೂ ಇರಲಿ ಎಂದು, ನನ್ನ ಉಗುಳನ್ನೂ ಪರೀಕ್ಷೆ ಮಾಡಿಸಿದೆ. ಡಬ್ಬಿಯ ಮೇಲೆ ಚೀಟಿ ಅಂಟಿಸುವವರೆಗೂ ಅಲ್ಲಿಂದ ಕದಲಲಿಲ್ಲ.

ಮಗಳು ಮಗುವನ್ನು ಡಾಕ್ಟರ ಹತ್ತಿರ ತೋರಿಸಲು ಒಳಗೆ ಹೋದಳು. ಹೊರಗಿನ ಬೆಂಚಿನಲ್ಲಿ ಬೀಗಿತ್ತಿ ಕೈಯಲ್ಲಿ ಮಾತ್ರೆ ಇಟ್ಟುಕೊಂಡು ಕೂತಿದ್ದಳು. ನಲ್ಲಿಯಿಂದ ನೀರು ಹಿಡಿದು ತಂದುಕೊಟ್ಟೆ. ಒಂದೊಂದೇ ಬಾಯಿಗೆ ಹಾಕಿಕೊಂಡಳು, ನೀರು ಕುಡಿದಳು, ನುಂಗಿದೆ ಎಂದು ತಲೆಯಾಡಿಸಿದಳು.

"ಬಾಯಿ ತೆಗೀರಿ ಬೀಗ್ರೆ" ಎಂದೆ.

ತೆಗೆದಳು.

"ನಾಲಿಗೆ ಎತ್ತಿ."

ನನ್ನನ್ನೇ ದುರುಗುಟ್ಟಿ ನೋಡುತ್ತಾ ಎತ್ತಿದಳು. ಬಗ್ಗಿ ನೋಡಿದೆ. ಕೆಳಗೆ ಏನೂ ಇರಲಿಲ್ಲ.